ಹೊತ್ತು ಮುಳುಗುವ ಮುನ್ನ

"ಹೊರಡೂನ್ರಿ ಮೇಡಂ, ಹೊತ್ತು ಇಳಿಯಾಕತ್ತೈತಿ."

ಮತ್ತೆ ಅದೇ ಮಾತು! ಚಂದ್ರಮತಿ ಕ್ಯಾಮೆರಾ ಕೆಳಗಿಳಿಸಿದಳು.

ಚಿಕ್ಕೋಡಿಯ ಕಾಲೇಜಿನಲ್ಲಿ ಅವಳೂ ವಿಶ್ವಾಸನೂ ಉಪನ್ಯಾಸಕರು. ನಮ್ಮ ಸೀಮೆಯನ್ನು ಮಕ್ಕಳಿಗೆ ತೋರಿಸಲು ಒಂದು ಛಾಯಾಚಿತ್ರ ಪ್ರದರ್ಶನ ಮಾಡೋಣವೆಂದು ಮೊದಲ ದಿನ ಅಥಣಿಯಲ್ಲಿ ಚಪ್ಪಲಿ ಹೊಲಿಯುವವರ ಓಣಿ ಸುತ್ತಿದ್ದರು. ಆಮೇಲೆ ಅಂಕಲಿಯ ಹೊಳೆದಂಡೆ, ರಾಯಬಾಗದ ಹಳೆಯ ಗುಡಿ, ಇವತ್ತು ನಿಪ್ಪಾಣಿ ಬದಿಯ ಗುಡ್ಡ. ಅಥಣಿ ಬಿಟ್ಟರೆ ಮತ್ತೆಲ್ಲಿ ಹೋದರೂ ಸಂಜೆಯಾಗುತ್ತಲೇ ವಿಶ್ವಾಸನಿಗೆ ಅವಸರ. ಅವಳ ಸ್ಕೂಟಿಯನ್ನು ಅವಳೂರಾದ ಬೋರಗಾಂವದ ಹಾದಿಗೆ ಹಚ್ಚಿಯೇ ಅವನಿಗೆ ಸಮಾಧಾನ.

ನನ್ನ ಜೊತೆ ನಿಲ್ಲುವುದು ಇವನಿಗೆ ಅಷ್ಟು ಬೇಸರವೇ...

ನಾಳೆ ಸಾಂಗಲಿಯಿಂದ ಅವಳನ್ನು ನೋಡಲು ಗಂಡಿನವರು ಬರುವವರಿದ್ದರು. ಇವತ್ತು ಇವನು ಒಂದು ಮಾತು ಆಡದಿದ್ದರೆ ಮುಗಿಯಿತು.

"ನಾ ಬರೂದಿಲ್ರಿ. ನೀವು ಹೋಗ್ರಿ," ಎಂದು ಬಂಡೆಯ ಮೇಲೆ ಕುಳಿತೇಬಿಟ್ಟಳು.

ಅವನು ಸೂರ್ಯನನ್ನು ನೋಡಿದ. ಅವಳನ್ನು ನೋಡಿದ. ಗುಡ್ಡ ಇಳಿದು ಓಡಿದ.

ಹೋಗಿಯೇಬಿಟ್ಟನಲ್ಲ! ಅವಳ ಕಣ್ಣು ತುಂಬಿ, ಕೆಳಗಿನ ಕಬ್ಬಿನ ಹೊಲಗಳೆಲ್ಲ ಕಲಸಿಹೋದವು.

ಸ್ವಲ್ಪ ಹೊತ್ತಿಗೆ ಏದುಸಿರು ಕೇಳಿಸಿತು. ವಿಶ್ವಾಸ ತನ್ನ ಬೈಕಿನಲ್ಲಿದ್ದ ಸ್ಟೀಲ್ ಡಬ್ಬಿ ಹಿಡಿದು ನಿಂತಿದ್ದ.

"ಲಗೂನ ಉಣ್ರಿ. ಇನ್ನಾ ಬಿಸಿಲೈತಿ. ಉಳ್ಳಾಗಡ್ಡಿ, ಬಳ್ಳೊಳ್ಳಿ ಹಾಕಿಲ್ರಿ. ಅವ್ವ ಬ್ಯಾರೆ ಬೋಗಾಣಿಯೊಳಗ ಮಾಡ್ಯಾಳ."

ಚಂದ್ರಮತಿ ಡಬ್ಬಿಯ ಮುಚ್ಚಳ ತೆಗೆದಳು. ರೊಟ್ಟಿ, ಪಲ್ಯ. ಜೈನರ ಮನೆಯ ಮಗಳು ಅವಳು. ಈರುಳ್ಳಿ, ಬೆಳ್ಳುಳ್ಳಿ ಮುಟ್ಟುವವಳಲ್ಲ, ಹೊತ್ತು ಮುಳುಗಿದ ಮೇಲೆ ಉಣ್ಣುವವಳೂ ಅಲ್ಲ.

ಅಥಣಿಯಲ್ಲಿ ಕತ್ತಲಾದ ಮೇಲೆ ಓಣಿಯವರೆಲ್ಲ ಕೂಡಿ ಬಜಿ ತಿನ್ನುವಾಗ ಅವಳು ನೀರೂ ಮುಟ್ಟದೆ, ಹಸಿವಿಲ್ಲ ಎಂದು ನಕ್ಕಿದ್ದಳು. ಅದನ್ನು ಅವನೊಬ್ಬ ನೋಡಿದ್ದ. ಅಂದಿನಿಂದ ಅವಳನ್ನು ಹೊತ್ತು ಮುಳುಗುವ ಮುಂಚೆ ಮನೆ ಮುಟ್ಟಿಸುವುದೇ ಅವನ ಧಾವಂತ. ತಡವಾದರೆ ಇರಲೆಂದು ದಿನಾ ಡಬ್ಬಿ.

"ಹೇಳಬಾರದಿತ್ತೇನ್ರಿ? ನಾ ಏನೇನೋ ತಿಳಕೊಂಡಿದ್ದೆ..."

"ಹೇಳಿದ್ರ ನಿಮಗ ಸಂಕೋಚ ಆಗ್ತಿತ್ರಿ." ಅವನು ತಲೆ ತಗ್ಗಿಸಿದ. "ಹೊರಡೂನು ಅಂತ ದಿನಾ ಅಂತಿದ್ದೆ. ಹೊರಡಾಕ ನನಗ ಒಂದ ದಿನಾನೂ ಮನಸಿದ್ದಿಲ್ಲ."

ಅವಳು ರೊಟ್ಟಿ ಮುರಿದು ಅರ್ಧ ಅವನ ಕೈಗಿಟ್ಟಳು. ಫೋನ್ ತೆಗೆದು ಅಪ್ಪ ತವನಪ್ಪನಿಗೆ ಹಚ್ಚಿದಳು.

"ಅಪ್ಪಾ, ಸಾಂಗಲಿಯವರಿಗೆ ನಾಳೆ ಬರಬ್ಯಾಡ್ರಿ ಅಂತ ಹೇಳ್ರಿ. ಯಾಕಂತ ಮನಿಗೆ ಬಂದು ಹೇಳ್ತೀನಿ."

ಅಪ್ಪ ಕೇಳಿದ್ದು ಒಂದೇ.

"ಹೊತ್ತು ಮುಳುಗಾಕ ಬಂತಲ್ಲವಾ, ಉಂಡಿಯೇನು?"

ಚಂದ್ರಮತಿ ವಿಶ್ವಾಸನ ಮುಖ ನೋಡಿದಳು.

"ಉಣ್ಣಾಕತ್ತೀನ್ರಿ ಅಪ್ಪಾ. ನೆನಪಿಟ್ಟು ತಂದವ್ರು ಇಲ್ಲೇ ಅದಾರ."