ಅಡುಗೆಮನೆಗೆಂದು ಎಳೆಸಿದ ವೈರು

ಕ್ಯಾಮೆರಾ ಹಾಕಿಸುತ್ತಿರುವುದು ಕಳ್ಳರಿಗೆಂದು ಬೀದಿಗೆಲ್ಲ ಹೇಳಿದ್ದೆ. ಗೇಟಿಗೊಂದು, ಹಿತ್ತಲಿಗೊಂದು ಆಯಿತು. ಮೂರನೆಯದಕ್ಕೆ ಅಡುಗೆಮನೆ ಎಂದಾಗ, ಹಾಲಿನಲ್ಲಿ ಏಣಿ ಹಿಡಿದು ನಿಂತಿದ್ದ ಅಕ್ಕ ಕೇಳಿದಳು, "ಕಳ್ಳ ಅಡುಗೆಮನೆಗೂ ಬರ್ತಾನೇನೋ?"

ನನ್ನ ಹೆಂಡತಿಯ ಬಳೆ ಕಾಣೆಯಾಗಿತ್ತು. ಅಡುಗೆಮನೆಯಲ್ಲಿ ದಿನವಿಡೀ ಇರುವವಳು ಅಕ್ಕ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆದರೂ ಆ ಕ್ಯಾಮೆರಾ ಬೇಡ ಎನ್ನಲಿಲ್ಲ.

ಏಣಿಯ ಮೇಲಿದ್ದ ಎಲೆಕ್ಟ್ರಿಷಿಯನ್ ಪೈಪಿಗೆ ವೈರು ತೂರಿಸಿದ. "ಆ ಕಡೆಯಿಂದ ಎಳೀತಿರೋರಿಗೆ ಸ್ವಲ್ಪ ಮೆಲ್ಲಗೆ ಅನ್ನಿ ಸಾರ್."

ಮನೆಯಲ್ಲಿದ್ದದ್ದು ನಾವು ಮೂವರೇ. ಮೂವರೂ ಹಾಲಿನಲ್ಲೇ ಇದ್ದೆವು. ವೈರು ಮಾತ್ರ ಅವನ ಬೆರಳುಗಳಿಂದ ಜಾರಿ ಒಳಗೆ ಹೋಗುತ್ತಲೇ ಇತ್ತು.

ಅದು ನಿಂತ ಮೇಲೆ ನೋಡಿದರೆ ಅಡುಗೆಮನೆಯ ಪೈಪಿನ ಬಾಯಿ ಖಾಲಿ. ತುದಿ ಸಿಕ್ಕಿದ್ದು ನನ್ನ ಕೋಣೆಯಲ್ಲಿ, ಮಂಚದ ತಲೆಯ ಕಡೆಯ ಗೋಡೆಯಲ್ಲಿ. ಸುಡುಬಿಸಿಲಿನ ಮಧ್ಯಾಹ್ನದಲ್ಲೂ ಅದು ಮಂಜುಗಡ್ಡೆಯಂತೆ ತಣ್ಣಗಿತ್ತು. ಹಿಂದಕ್ಕೆಳೆದು ಮತ್ತೆ ತೂರಿಸಿದ. ಮತ್ತೆ ಅಲ್ಲಿಗೇ ಬಂತು.

"ಈ ಮನೆ ವೈರಿಂಗ್ ಮಾಡಿದ್ದೇ ನಾನು ಸಾರ್. ಈ ಗೋಡೇಲಿ ಪೈಪೇ ಇಲ್ಲ," ಎಂದ.

ಅಕ್ಕ ಕ್ಯಾಮೆರಾ ತಂದು ನನ್ನ ಕೈಗಿಟ್ಟಳು. ಇವತ್ತಿಗೂ ಅವಳಿಗೆ ಮುಖ ತೋರಿಸಲಾಗುತ್ತಿಲ್ಲ.

ವೈರನ್ನು ಗೋಡೆಯ ಮಟ್ಟಕ್ಕೆ ಕತ್ತರಿಸಿ, ತೂತು ಮುಚ್ಚಿ, ಬಣ್ಣ ಬಳಿಸಿದೆ. ಇವತ್ತು ಬೆಳಗ್ಗೆ ಎದ್ದಾಗ ಅದರ ತುದಿ ನನ್ನ ಕೆನ್ನೆಗೆ ತಾಗಿಕೊಂಡಿತ್ತು.