ಮುಳುಗಿಸಿಟ್ಟ ದೋಣಿ

"ನಿಲ್ಲಿಸಿ! ಏನ್ ಮಾಡ್ತಾ ಇದ್ದೀರಾ ನೀವು?"

ಪಂಕಜಾ ಕೆರೆ ಏರಿಯ ಮೇಲಿಂದಲೇ ಕೂಗಿದಳು. ಒಗೆಯಲು ತಂದಿದ್ದ ಬಟ್ಟೆಯ ಬುಟ್ಟಿಯನ್ನು ಅಲ್ಲೇ ಇಳಿಸಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿಜಾರಿನಲ್ಲಿ ಓಡಿ ಬಂದಳು.

ದೋಣಿಯೊಳಗಿನ ನೀರನ್ನು ಜನ ಹೊರಗೆ ಚೆಲ್ಲುವುದನ್ನು ಅವಳು ನೋಡಿದ್ದಳು. ಆದರೆ ಈ ಮನುಷ್ಯ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡು, ಬಕೆಟ್ಟಿನಲ್ಲಿ ಕೆರೆಯ ನೀರನ್ನು ಮೊಗೆದು ಮೊಗೆದು ಒಳಗೆ ಸುರಿಯುತ್ತಿದ್ದ! ಅದೂ ಯಾರ ದೋಣಿಗೆ? ಅವಳ ಅಪ್ಪನ ದೋಣಿಗೆ!

"ದೋಣಿ ಮುಳುಗಿಸ್ತಾ ಇದ್ದೀನಿ," ಎಂದ ಅವನು, ಗಿಡಕ್ಕೆ ನೀರು ಹಾಕುತ್ತಿದ್ದೇನೆ ಅನ್ನುವಷ್ಟು ಸಲೀಸಾಗಿ.

"ಅದು ಕಾಣಿಸ್ತಿದೆ! ಯಾಕೆ ಅಂತ ಕೇಳಿದ್ದು!"

"ನಾಲ್ಕು ತಿಂಗಳು ಬಿಸಿಲಲ್ಲಿ ಬಿದ್ದು ಹಲಗೆ ಒಣಗಿ ಸಂದಿ ಬಿಟ್ಟಿದೆ. ನಾರು ತುಂಬಿ ಡಾಂಬರು ಬಳಿದಿದ್ದೀನಿ. ಅಷ್ಟೇ ಸಾಲದು. ಎರಡು ಮೂರು ದಿನ ಮುಳುಗಿದ್ರೆ ಮರ ನೀರು ಕುಡಿದು ಊದುತ್ತೆ. ಸಂದಿ ಬಿಗಿಯುತ್ತೆ."

"ಮುಳುಗದೆ ಇರ್ಲಿ ಅಂತ ಮುಳುಗಿಸ್ತಾರಾ? ಯಾರ ಕಿವಿ ಮೇಲೆ ಹೂವು ಇಡ್ತೀರಾ?"

ಅವನು ನಗಲಿಲ್ಲ. ಇನ್ನೊಂದು ಬಕೆಟ್ ಸುರಿದ. "ಚಿಕ್ಕಬೈರಪ್ಪನವರು ರಿಪೇರಿ ಮಾಡ್ಕೊಡಿ ಅಂದ್ರು. ಅವರನ್ನೇ ಕೇಳಿ. ನಾನು ರಾಮಪ್ರಸಾದ."

ಆ ಹೆಸರು ಪಂಕಜಾಗೆ ಗೊತ್ತಿತ್ತು. ಓಹೋ... ಇವನೇ ಅವನು!

ಆ ಹೆಸರಿನ ಹಿಂದಿನ ಕತೆಯನ್ನು ಹೇಳಿಬಿಡುತ್ತೇನೆ, ಕೇಳಿ. ಅದು ಅರವತ್ತೆರಡನೇ ಇಸವಿ. ಜಯನಗರದ ಬ್ಲಾಕುಗಳು ಒಂದೊಂದೇ ಹೊಲ ದಾಟಿ ಜರಗನಹಳ್ಳಿಯ ಕಡೆಗೆ ನಡೆದು ಬರುತ್ತಿದ್ದ ಕಾಲ. ಪಂಕಜಾಳ ಅಪ್ಪ ಚಿಕ್ಕಬೈರಪ್ಪನಿಗೆ ಊರಲ್ಲಿ ಎರಡು ಎಕರೆ ಹೊಲ, ಮನೆಯಲ್ಲಿ ತಾಯಿಯಿಲ್ಲದ ಮಗಳು, ಗಂಡನನ್ನು ಕಳೆದುಕೊಂಡು ಬಂದ ತಂಗಿ ನಾರಾಯಣಮ್ಮ. ಇಷ್ಟರ ಜೊತೆಗೆ ಒಂದು ಚಪಲವೂ ಇತ್ತು. ಹಿಂದೆ ಬೆಂಗಳೂರಿನ ದಂಡು ಪ್ರದೇಶದಲ್ಲಿ ಒಬ್ಬ ಇಂಗ್ಲಿಷ್ ದೊರೆಯ ತೋಟ ನೋಡಿಕೊಂಡಿದ್ದವರು, ಆ ದೊರೆ ಊರು ಬಿಡುವಾಗ ಕೊಟ್ಟ ಪುಟ್ಟ ಮರದ ದೋಣಿಯನ್ನು ಸಾರಕ್ಕಿ ಕೆರೆಗೆ ತಂದು ಹಾಕಿಕೊಂಡಿದ್ದರು. ಬಿಡುವಾದಾಗಲೆಲ್ಲ ಗಾಳ ಹಿಡಿದು ಅದರಲ್ಲಿ ಕೂತರೆ ಅವರಿಗೆ ಊಟವೂ ಬೇಡ, ಮಾತೂ ಬೇಡ.

ಹಿಂದಿನ ವರ್ಷ ಆಯುಧಪೂಜೆಯ ಮಾರನೆಯ ಮುಂಜಾನೆ ಅದೇ ದೋಣಿ ಕೆರೆಯ ನಡುವೆ ಅವರನ್ನು ಹೊತ್ತುಕೊಂಡೇ ಮುಳುಗಿತು.

ದೋಣಿಯ ಹಿಂಬದಿಯಲ್ಲಿ, ಕಾಲಿಡುವ ಹಲಗೆಯ ಕೆಳಗೆ, ಹೆಬ್ಬೆರಳಿನ ಗಾತ್ರದ ತೂತೊಂದಿತ್ತು. ದಡಕ್ಕೆ ಎಳೆದಾಗ ಒಳಗಿನ ನೀರು ಹರಿದುಹೋಗಲೆಂದು ಮಾಡಿದ್ದು. ನೀರಿಗಿಳಿಸುವ ಮೊದಲು ಅದಕ್ಕೆ ಮರದ ಬಿರಡೆ ಬಿಗಿಯಬೇಕು. ಆ ದಿನ ಬಿರಡೆ ಇರಲಿಲ್ಲ! ದೋಣಿ ನಡೆಸುವ ಹುಟ್ಟು ಪೂಜೆಯಲ್ಲಿತ್ತು, ಅದನ್ನು ಮಂಗಳಾರತಿ ಆಗುವ ತನಕ ಮುಟ್ಟಬಾರದೆಂದು ಚಿಕ್ಕಬೈರಪ್ಪ ಬರೀ ಬಿದಿರು ಗಳ ಹಿಡಿದು ಹೋಗಿದ್ದರು. ಕಾಲಿಗೆ ನೀರು ಮುಟ್ಟಿದಾಗ ಅವರಿದ್ದದ್ದು ಆಳದಲ್ಲಿ, ಗಳ ನೆಲಕ್ಕೆ ಎಟುಕಲಿಲ್ಲ.

ದಡದಲ್ಲಿ ಗಾಳ ಹಾಕಿ ಕೂತಿದ್ದ ಯಾರೋ ಈಜಿ ಹೋಗಿ ಎಳೆದು ತಂದರಂತೆ. ದೋಣಿಯನ್ನು ಊರವರು ಆಮೇಲೆ ಎಳೆದು ದಡಕ್ಕೆ ಹಾಕಿದ್ದರು. ಆ 'ಯಾರೋ' ರಾಮಪ್ರಸಾದ. ಹೊಸ ಬಡಾವಣೆಗಾಗಿ ಹೊಲ ಅಳೆಯಲು ಬಂದಿದ್ದ ಸರ್ವೆಯವನು. ಪಂಕಜಾ ಅಪ್ಪನ ಜೊತೆ ಆಸ್ಪತ್ರೆಯಲ್ಲಿದ್ದಾಗಲೇ ಅವನನ್ನು ಬೇರೆ ಊರಿನ ಕೆಲಸಕ್ಕೆ ಕಳಿಸಿದ್ದರು, ಹಾಗಾಗಿ ಮುಖ ನೋಡಿರಲಿಲ್ಲ.

ಪ್ರಾಣ ಉಳಿಸಿದವನ ಮೇಲೆ ಅನುಮಾನವೇ ಅನ್ನುತ್ತೀರಾ? ಅತ್ತೆ ನಾರಾಯಣಮ್ಮ ಇರುವ ಮನೆಯಲ್ಲಿ ಅನುಮಾನಕ್ಕೆ ಬರವಿಲ್ಲ.

"ನೀನು ದೋಣಿ ತೊಳ್ದು ಬಿರಡೆ ಹಾಕಿದ್ದೆ ತಾನೇ?" ಅತ್ತೆ ಅಂದೇ ಕೇಳಿದ್ದಳು.

"ಹಾಕಿದ್ದೆ ಅತ್ತೆ! ಅಮ್ಮನಾಣೆ!"

"ಹಂಗಾದ್ರೆ ಅದ್ಕೇನು ಕಾಲ್ ಬಂತಾ? ಆ ಹೊತ್ನಲ್ಲಿ ಕೆರೆ ಹತ್ರ ಇದ್ದೋನು ಅವನೊಬ್ನೇ. ಹೊಲದ ಕಾಗ್ದಕ್ಕೆ ನಿಮ್ಮಪ್ಪ ಸೈನ್ ಹಾಕ್ಲಿಲ್ಲ ಅಂತ ಅವನಿಗೆ ಸಿಟ್ಟು. ಮುಳುಗ್ಸೋದೂ ಅವನೇ, ಎತ್ತೋದೂ ಅವನೇ. ನಾಳೆ ಋಣ ತೀರ್ಸು ಅಂತ ಬತ್ತಾನೆ, ನೋಡ್ತಿರು."

ಈಗ ಅದೇ ಸರ್ವೆ ಕೆಲಸದ ನೆಪದಲ್ಲಿ ಬಂದೇಬಿಟ್ಟಿದ್ದ! ಮತ್ತೆ ದೋಣಿ ಮುಳುಗಿಸುತ್ತಿದ್ದ!

ಪಂಕಜಾ ಮನೆಗೆ ಓಡಿಹೋಗಿ ಅಪ್ಪನ ಮುಂದೆ ನಿಂತಳು.

"ಅಪ್ಪ, ಆ ಸರ್ವೆಯವರನ್ನ ನಂಬ್ಬೇಡಿ. ದೋಣೀನ ಹಾಳ್ ಮಾಡ್ತಾ ಇದ್ದಾರೆ."

ಚಿಕ್ಕಬೈರಪ್ಪ ಕೆಮ್ಮಿದರು. ಆ ದಿನ ಎದೆಗೆ ಸೇರಿದ ನೀರು ಅವರ ದನಿಯನ್ನೇ ಸೀಳಿಟ್ಟಿತ್ತು. "ಪ್ರಸಾದಪ್ಪ ತಿರುಮಕೂಡ್ಲು ಕಡೆಯೋನು ಕಣವ್ವ. ಅವರಪ್ಪ ಹೊಳೇಲಿ ಜನ ದಾಟಿಸ್ತಿದ್ದೋರು. ಅವನಿಗೆ ಗೊತ್ತು. ಭಾನುವಾರ ನಾನು ನೀರಿಗಿಳಿಯೋನೇ!"

ಭಾನುವಾರಕ್ಕೆ ಇನ್ನು ಮೂರೇ ದಿನ. ಅಷ್ಟರಲ್ಲಿ ಇವನ ಬಣ್ಣ ಬಯಲು ಮಾಡದಿದ್ದರೆ ಅಪ್ಪ ಉಳಿಯಲ್ಲ... ಇನ್ನೊಂದು ಸಲ ಆ ಆಸ್ಪತ್ರೆಯ ಬೆಂಚಿನ ಮೇಲೆ ಕೂರುವ ಶಕ್ತಿ ನನಗಿಲ್ಲ... ಪಂಕಜಾ ನಿರ್ಧರಿಸಿದಳು. ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತೇನೆ!

ಅನುಮಾನದಲ್ಲಿ ಒಂದು ಅನುಕೂಲ ಇದೆ ನೋಡಿ. ಒಬ್ಬ ಗಂಡಸನ್ನು ಬೆಳಗ್ಗೆ ಸಂಜೆ ದಿಟ್ಟಿಸಿ ನೋಡಲು ಹುಡುಗಿಗೆ ಯಾರ ಅಪ್ಪಣೆಯೂ ಬೇಕಾಗುವುದಿಲ್ಲ.

ಅವನು ಕೆಲಸಕ್ಕೆ ಮುಂಚೆ ಬರುತ್ತಿದ್ದ, ಕೆಲಸ ಮುಗಿಸಿ ಬರುತ್ತಿದ್ದ. ಹಗ್ಗಕ್ಕೆ ಗಂಟು ಹಾಕಿದ ಮೇಲೆ ಕಾಲು ಕೊಟ್ಟು ಎಳೆದು ನೋಡುತ್ತಿದ್ದ. ಹುಟ್ಟಿಗೆ ಎಣ್ಣೆ ಉಜ್ಜುವಾಗ ತುಟಿ ಕಚ್ಚಿಕೊಳ್ಳುತ್ತಿದ್ದ. ನೀರಿಗೆ ಬಿದ್ದರೆ ಹಿಡಿದು ತೇಲಲೆಂದು ತಂದ ಎರಡು ಲಾರಿ ಟ್ಯೂಬುಗಳಿಗೆ ಗಾಳಿ ತುಂಬಿ, ನೀರಿನಡಿ ಹಿಡಿದು ಗುಳ್ಳೆ ಬರುತ್ತದಾ ಎಂದು ಬಗ್ಗಿ ನೋಡುತ್ತಿದ್ದ. ಸಂಜೆ ಚಿಕ್ಕಬೈರಪ್ಪ ಬಂದು ಕೂತರೆ ಪಾಠ ಒಪ್ಪಿಸಿಕೊಳ್ಳುವ ಮೇಷ್ಟ್ರಾಗುತ್ತಿದ್ದ.

"ಮೀನು ಎಳೆದಾಗ?"

"ಎದ್ದು ನಿಲ್ಲಬಾರ್ದು."

"ಗಾಳಿ ಎದ್ರೆ?"

"ಮೀನು ಸಿಗ್ಲಿ ಬಿಡ್ಲಿ, ದಡಕ್ಕೆ."

"ಹತ್ತೋಕೆ ಮುಂಚೆ?"

"ಬಿರಡೆ ಮುಟ್ ನೋಡ್ಬೇಕು," ಎಂದು ಚಿಕ್ಕಬೈರಪ್ಪ ಮೆಲ್ಲಗೆ ಅಂದರು.

ಬಿರಡೆಯ ಮಾತು ಬಂದಾಗ ರಾಮಪ್ರಸಾದ ಒಂದು ಕ್ಷಣ ಪಂಕಜಾಳತ್ತ ನೋಡಿ ಕಣ್ಣು ತಪ್ಪಿಸಿದ. ಅವಳು ಅದನ್ನು ಕಂಡಳು. ಏನೋ ಮುಚ್ಚಿಡ್ತಿದ್ದಾನೆ! ತಪ್ಪಿತಸ್ಥನ ನೋಟ ಇದು! ಹಾಗೆಂದುಕೊಂಡರೂ ರಾತ್ರಿ ಊಟಕ್ಕೆ ಕೂತಾಗ ಅವಳಿಗೆ ನೆನಪಾದದ್ದು ಅವನು ತುಟಿ ಕಚ್ಚುವ ರೀತಿ. ಅದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ಶನಿವಾರ ಸಂಜೆ ತಡೆಯಲಾಗದೆ ನೇರವಾಗಿ ಕೇಳಿಬಿಟ್ಟಳು.

"ಆ ಬಿರಡೆ ಏನಾಯ್ತು ಅಂತ ನಿಮಗೆ ಗೊತ್ತು. ಹೌದಾ ಅಲ್ವಾ?"

ಅವನು ಹಗ್ಗದ ಗಂಟನ್ನು ಇನ್ನೊಮ್ಮೆ ಎಳೆದು ನೋಡಿದ.

"ನೀವೇ ಕಿತ್ತಿದ್ದು. ಅಪ್ಪ ಸೈನ್ ಹಾಕ್ಲಿಲ್ಲ ಅಂತ!"

"ನಾನು ಕೀಳ್ಲಿಲ್ಲ ಪಂಕಜಾ ಅವರೇ." ಅವನ ದನಿ ತಗ್ಗಿತು. "ಇದಕ್ಕಿಂತ ಹೆಚ್ಚು ನನ್ನನ್ನ ಕೇಳ್ಬೇಡಿ."

ಕೇಳಬೇಡಿ ಅಂದರೆ ಏನರ್ಥ! ಅವಳಿಗೆ ಮೈಯೆಲ್ಲ ಉರಿಯಿತು.

ಭಾನುವಾರ ಬೆಳಗ್ಗೆ ದೋಣಿಯನ್ನು ಮೇಲೆತ್ತಿ, ನೀರು ಚೆಲ್ಲಿ, ಹೊಸ ಬಿರಡೆ ಬಿಗಿದು, ಕೆರೆಯಲ್ಲಿ ತೇಲಿಬಿಟ್ಟಿದ್ದರು. ಅರ್ಧ ಗಂಟೆಯಾದರೂ ಒಳಗೆ ಹೊಸದಾಗಿ ಒಂದು ಹನಿ ನೀರು ಬಂದಿರಲಿಲ್ಲ! ಹಾಗಾದರೆ ಅವನು ಹೇಳಿದ್ದು ನಿಜವೇ? ಪಂಕಜಾ ಗೊಂದಲಕ್ಕೆ ಬಿದ್ದಳು. ಆದರೂ ಅನುಮಾನ ಅಷ್ಟು ಸುಲಭಕ್ಕೆ ಬಿಟ್ಟು ಹೋಗುತ್ತದೆಯೇ?

ಅಪ್ಪ ಮತ್ತು ಅವನು ನೀರಿನ ಬಳಿ ಹಗ್ಗ ಬಿಚ್ಚುತ್ತಿದ್ದರು. ಅವನ ಸಾಮಾನಿನ ಚೀಲ ಸೈಕಲ್ಲಿಗೆ ನೇತುಬಿದ್ದಿತ್ತು. ಅವಳು ಕೈ ಹಾಕಿದಳು. ಉಳಿ, ಸುತ್ತಿಗೆ, ನಾರಿನ ಉಂಡೆ... ಅಡಿಯಲ್ಲಿ, ಕರವಸ್ತ್ರದಲ್ಲಿ ಸುತ್ತಿಟ್ಟ ಏನೋ ಗಟ್ಟಿ ವಸ್ತು. ಮುಟ್ಟಿದ ಕೂಡಲೇ ತಿಳಿಯಿತು. ಬಿರಡೆ!

"ಅಪ್ಪಾ! ಹತ್ತಬೇಡಿ!" ಅವಳು ಕಿರುಚಿದಳು. "ಬಿರಡೆ ಸಿಕ್ತು! ಇವರ ಚೀಲದಲ್ಲೇ ಇದೆ!"

ಇಬ್ಬರೂ ತಿರುಗಿದರು. ಚಿಕ್ಕಬೈರಪ್ಪನ ಒಂದು ಕಾಲು ದೋಣಿಯಲ್ಲಿ, ಒಂದು ಕಾಲು ನೀರಿನಲ್ಲಿ. ರಾಮಪ್ರಸಾದನ ಮುಖ ಬಿಳಿಚಿತು.

ಪಂಕಜಾ ಕರವಸ್ತ್ರ ಬಿಡಿಸಿ ಎತ್ತಿ ಹಿಡಿದಳು. ಹಿಡಿದವಳ ಕೈ ಹಾಗೇ ನಿಂತಿತು.

ಬಿರಡೆಯ ತಲೆಯ ಮೇಲೆ ಒಣಗಿದ ಅರಿಸಿನ. ಅದರ ಮೇಲೆ ಕುಂಕುಮದ ಮೂರು ಬೊಟ್ಟು.

ಯಾರಿಟ್ಟ ಬೊಟ್ಟು ಇದು?... ಅಯ್ಯೋ ದೇವರೇ... ನಾನೇ!

ಎಲ್ಲ ಒಟ್ಟಿಗೆ ನೆನಪಿಗೆ ಬಂತು. ಆಯುಧಪೂಜೆಯ ದಿನ ದೋಣಿ ತೊಳೆದು, ನೀರು ಹೋಗಲೆಂದು ಬಿರಡೆ ಕಿತ್ತು, ಕುಡುಗೋಲು, ಗುದ್ದಲಿ, ಹುಟ್ಟುಗಳ ಜೊತೆ ಅದನ್ನೂ ಮಣೆಯ ಮೇಲೆ ಜೋಡಿಸಿದ್ದಳು. ದೋಣಿಯದೂ ಒಂದು ಆಯುಧವೇ ತಾನೇ ಎಂದು ಅದಕ್ಕೂ ಬೊಟ್ಟಿಟ್ಟಿದ್ದಳು. ಪೂಜೆಗಿಟ್ಟದ್ದನ್ನು ಮುಟ್ಟುವಂತಿಲ್ಲ, ಮಂಗಳಾರತಿ ಆದ ಮೇಲೆ ಹಾಕಿದರಾಯಿತು ಅಂದುಕೊಂಡಿದ್ದಳು. ಅಷ್ಟರಲ್ಲಿ ಅಪ್ಪ ಮುಂಜಾನೆಯೇ ಎದ್ದು ಹೋಗಿದ್ದರು. ಆಮೇಲೆ ಮಣೆಯ ಮೇಲೆ ಬಿರಡೆ ಕಾಣದಿದ್ದಾಗ, ಹಾಕಿಯೇ ಇರುತ್ತೇನೆ ಎಂದು ತನ್ನನ್ನು ತಾನೇ ನಂಬಿಸಿಕೊಂಡುಬಿಟ್ಟಿದ್ದಳು.

"ಹೌದು, ನಾನೇ ತೆಗೆದಿಟ್ಕೊಂಡಿದ್ದೆ," ಎಂದ ರಾಮಪ್ರಸಾದ ಆತುರವಾಗಿ. "ತಪ್ಪು ನಂದೇ. ನಾನು ಹೊರಡ್ತೀನಿ ಯಜಮಾನ್ರೇ."

ಅವನು ಸೈಕಲ್ಲಿನ ಕಡೆ ನಡೆದ. ಪಂಕಜಾ ಒಂದು ಮಾತಾಡದಿದ್ದರೆ ಸಾಕಿತ್ತು. ಊರು ಅವನನ್ನೇ ಬೈಯುತ್ತಿತ್ತು. ಅಪ್ಪನಿಗೆ ಎಂದಿಗೂ ಗೊತ್ತಾಗುತ್ತಿರಲಿಲ್ಲ.

"ಸುಳ್ಳು!" ಪಂಕಜಾ ಅಳುತ್ತಾ ಅಪ್ಪನ ಬಳಿಗೆ ಓಡಿದಳು. "ಇವರು ಸುಳ್ಳು ಹೇಳ್ತಿದ್ದಾರೆ ಅಪ್ಪ! ಬಿರಡೆ ಕಿತ್ತು ಪೂಜೆಗಿಟ್ಟೋಳು ನಾನು. ಮತ್ತೆ ಹಾಕ್ಲೇ ಇಲ್ಲ. ನಿಮ್ಮನ್ನ ಮುಳುಗಿಸಿದ್ದು ನಾನು..."

ಚಿಕ್ಕಬೈರಪ್ಪ ಬಗ್ಗಿ ಬಿರಡೆಯನ್ನು ನೋಡಿದರು. ಆಮೇಲೆ ಮಗಳ ತಲೆಯ ಮೇಲೆ ಒದ್ದೆ ಕೈ ಇಟ್ಟರು.

"ಹಾಕೋದು ಮರ್ತೋಳು ನೀನು. ನೋಡ್ದೆ ಹತ್ತಿದ್ದು ನಾನು. ಇಪ್ಪತ್ತು ವರ್ಷ ದೋಣೀಲಿ ಕೂತೋನು, ಬಗ್ಗಿ ಒಂದ್ ಕೈ ಮುಟ್ಲಿಲ್ಲ. ಅಳ್ಬೇಡ ಮಗಾ." ಕೆಮ್ಮುತ್ತಾ ದಡ ಹತ್ತಿದರು. "ನಿಮ್ಮತ್ತೆ ರೊಟ್ಟಿ ತಟ್ತಾವ್ಳೆ, ತಿನ್ಕೊಂಡ್ ಬತ್ತೀನಿ. ಪ್ರಸಾದಪ್ಪ, ನೀನು ಎಲ್ಲಿಗೂ ಹೋಗ್ಬೇಡ ಕಣಪ್ಪ."

ಏರಿಯ ಆಚೆ ಅವರ ರುಮಾಲು ಮರೆಯಾಯಿತು. ಪಂಕಜಾ ಕಣ್ಣೊರೆಸಿಕೊಂಡು ತಲೆ ಎತ್ತಿದಳು.

"ಇದು ನಿಮ್ಮ ಹತ್ರ ಹೇಗ್ ಬಂತು?"

"ಅವತ್ತು ಅವರಿಗೆ ಹೊದಿಸೋಕೆ ಕಂಬಳಿ ತರೋಕೆ ನಿಮ್ಮನೆಗೆ ಓಡಿದೆ. ಮಣೆ ಮೇಲೆ ಇದು ಕಾಣಿಸ್ತು. ಇದನ್ನೂ ಎತ್ಕೊಂಡು ದಡಕ್ಕೆ ಬಂದ್ರೆ ನೀವು ಅಪ್ಪನ ಕಾಲು ಉಜ್ಜುತ್ತಾ ಅಳ್ತಾ ಇದ್ರಿ. ನನ್ನ ಕಡೆ ತಿರುಗೂ ನೋಡ್ಲಿಲ್ಲ. ಆ ಅಳುವಿನ ಮೇಲೆ ಇದನ್ನೂ ಹೊರಿಸೋಕೆ ಮನಸ್ಸಾಗ್ಲಿಲ್ಲ. ಜೇಬಿಗೆ ಹಾಕ್ಕೊಂಡೆ."

"ನಾಲ್ಕು ತಿಂಗಳು!"

"ಎಸೆಯೋಕೆ ಆಗ್ಲಿಲ್ಲ. ನಿಮ್ಮ ಕೈಯಿಂದ ಬೊಟ್ಟಿಟ್ಟಿದ್ದು..." ಅವನ ಕಿವಿ ಕೆಂಪಾಯಿತು.

ಪಂಕಜಾಗೆ ಅಳು ಬಂತು, ನಾಚಿಕೆ ಬಂತು, ಅದರ ಹಿಂದೆಯೇ ಕೋಪವೂ ಬಂತು.

"ನನ್ನ ತಪ್ಪನ್ನ ನೀವ್ಯಾಕೆ ಬಚ್ಚಿಟ್ರಿ? ಹೇಳಿದ್ರೆ ನಾನು ಅವತ್ತೇ ಅತ್ತು ಮುಗಿಸ್ತಿದ್ದೆ. ಈಗ ನೋಡಿ, ಒಳ್ಳೆಯವರನ್ನ ಕಳ್ಳ ಅಂತ ಕೂಗಿದೆ. ಇನ್ಮೇಲೆ ನನ್ನಿಂದ ಏನನ್ನೂ ಮುಚ್ಚಿಡಬಾರದು!"

"ಇನ್ಮೇಲೆ?" ಅವನು ಆ ಮಾತನ್ನೇ ಹಿಡಿದ.

ಅವಳು ಉತ್ತರಿಸದೆ ಹೋಗಿ ದೋಣಿಯ ಹಿಂಬದಿಗೆ ಬಗ್ಗಿ, ಹಲಗೆಯ ಕೆಳಗೆ ಕೈ ತೂರಿಸಿ ಹೊಸ ಬಿರಡೆಯನ್ನು ಒತ್ತಿ ನೋಡಿದಳು. ಆಮೇಲೆ ಒಳಗೆ ಹತ್ತಿ ಕೂತಳು. ಹುಟ್ಟಿದಾಗಿನಿಂದ ಕೆರೆಯ ದಡದಲ್ಲೇ ಬೆಳೆದವಳು ದೋಣಿ ಹತ್ತಿದ್ದು ಅದೇ ಮೊದಲು. ರಾಮಪ್ರಸಾದ ಲಾರಿ ಟ್ಯೂಬನ್ನು ಅವಳ ಪಕ್ಕದಲ್ಲಿಟ್ಟು, ಹುಟ್ಟು ಹಿಡಿದು ಎದುರಿಗೆ ಕೂತ.

ದಡ ಮೆಲ್ಲಗೆ ಹಿಂದೆ ಸರಿಯಿತು.

"ಭಯ ಆಗ್ತಿದ್ಯಾ?"

"ತುಂಬಾ."

"ವಾಪಸ್ ಹೋಗೋಣ್ವಾ?"

"ಬೇಡ." ಅವಳು ದೋಣಿಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು. "ಅಪ್ಪನ ಹತ್ರ ನೀವು ಮಾತಾಡ್ತೀರೋ, ನಾನು ಮಾತಾಡ್ಲೋ?"

"ಏನಂತ?"

"ಅದನ್ನೂ ನಾನೇ ಹೇಳ್ಬೇಕಾ!"

ಅವನ ಕೈಯಲ್ಲಿ ಹುಟ್ಟು ನಿಂತಿತು. ಮೊದಲ ಸಲ ಅವನು ಬಾಯಿ ತುಂಬ ನಕ್ಕ. "ಮುಂದಿನ ಭಾನುವಾರ ಅಮ್ಮನ್ನ ಕರ್ಕೊಂಡು ಬರ್ತೀನಿ."

"ಮುಂದಿನ ಭಾನುವಾರವಾ? ಬೇಡಪ್ಪ! ನಾಳೇನೇ ಕರ್ಕೊಂಡು ಬನ್ನಿ."

"ಅಷ್ಟು ಅವಸರ ಯಾಕೆ?"

"ನನ್ನ ಬುದ್ಧಿ ನಿಮಗೆ ಗೊತ್ತಲ್ಲ," ಎಂದಳು ಪಂಕಜಾ, ಕಣ್ಣಲ್ಲಿ ನೀರು ತುಂಬಿಕೊಂಡೇ ನಗುತ್ತಾ. "ಒಂದು ವಾರ ಬಿಟ್ರೆ ಮತ್ತೆ ಅನುಮಾನ ಶುರುವಾಗುತ್ತೆ!"