ಗೌಸಿಯಾನ ಹುಡುಕಿಕೊಂಡು ಬಂದ ಮೇಡಂ

“ಅಕ್ಕ ಊರಲ್ಲಿಲ್ಲ ಮೇಡಂ. ಹೊನ್ನಾಳಿಗೆ ಹೋಗ್ಯಾಳೆ.”

ಹೇಳಿದ್ದೇನೋ ಆಯಿತು, ಆದರೆ ರುಹೀನಾಳ ಕಿವಿ ಕೆಂಪಾದವು. ಸುಳ್ಳು ಹೇಳುವುದರಲ್ಲಿ ಐದನೇ ಕ್ಲಾಸಿನ ಈ ಹುಡುಗಿ ಮೊದಲಿನಿಂದಲೂ ದಂಡ. ಅಕ್ಕ ಗೌಸಿಯಾ ಅಲ್ಲೇ, ಅಬ್ಬಾ ಹೊಲಿದಿಟ್ಟ ಗಾದಿಗಳ ರಾಶಿಯ ಹಿಂದೆ ಉಸಿರು ಬಿಗಿಹಿಡಿದು ಕೂತಿದ್ದಳು.

ಬಾಗಿಲಲ್ಲಿ ನಿಂತಿದ್ದವರು ಅಕ್ಕನ ಕಾಲೇಜಿನ ಶಾಂತಾದೇವಿ ಮೇಡಂ. ಯಾರಾದರೂ ಮೂರು ದಿನ ಕ್ಲಾಸಿಗೆ ಬರದಿದ್ದರೆ ನಾಲ್ಕನೇ ದಿನ ಅವರ ಮನೆಗೇ ಹೋಗುವುದು ಅವರ ಮೂವತ್ತು ವರ್ಷದ ರೂಢಿ. ಈ ತಿಂಗಳು ರಿಟೈರ್ ಆಗುವವರಿದ್ದರೂ ಜಗಳೂರಿನ ಆ ಸುಡುಬಿಸಿಲಲ್ಲಿ ನಡೆದುಕೊಂಡೇ ಬಂದಿದ್ದರು.

ಗೌಸಿಯಾ ಇಂಗ್ಲಿಷ್‌ನಲ್ಲಿ ಫೇಲ್ ಆಗಿದ್ದಳು. ಫೇಲ್ ಆದವರನ್ನು ಮುಂದಿನ ಕ್ಲಾಸಿಗೆ ಎಲ್ಲಿ ಕೂರಿಸಿಕೊಳ್ಳುತ್ತಾರೆ ಎಂದು ಅಬ್ಬಾ ನಿಟ್ಟುಸಿರು ಬಿಟ್ಟಿದ್ದರು. ಅಷ್ಟೇ, ಕಾಲೇಜು ಮುಗಿಯಿತು ಎಂದು ಮನೆಮಂದಿಯೆಲ್ಲ ನಂಬಿಬಿಟ್ಟರು. ಆ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಗೌಸಿಯಾ ಒಬ್ಬಳೇ. ತಿಳಿಸಿ ಹೇಳುವವರಾದರೂ ಯಾರು? ನಾಚಿಕೆಗೆ ಅವಳೂ ಯಾರನ್ನೂ ಕೇಳಲಿಲ್ಲ.

ಮೇಡಂ ಆರಾಮಾಗಿ ಒಂದು ಗಾದಿಯ ಮೇಲೆ ಕೂತು, ನೀರು ಕೇಳಿ ಕುಡಿದರು. ಆಮೇಲೆ ಮೂಲೆಯಲ್ಲಿ ಗಾದಿ ಹೊಲಿಯುತ್ತಿದ್ದ ಅಬ್ಬಾನ ಕಡೆ ತಿರುಗಿದರು.

“ಒಂದು ಪೇಪರ್ ಹೋದ್ರೆ ಕಾಲೇಜು ಹೋಗಲ್ಲ ಅಮೀರ್‌ಜಾನ್. ಮುಂದಿನ ಸೆಮಿಸ್ಟರ್ ಓದ್ತಾ ಓದ್ತಾನೇ ಅದನ್ನೂ ಬರೆಯಾಕೆ ಬರ್ತೈತೆ. ನಾನೂ ಡಿಗ್ರೀಲಿ ಇಂಗ್ಲಿಷ್ ಫೇಲ್ ಆದವಳೇ.”

ಗಾದಿಗಳ ರಾಶಿ ಅಲುಗಿತು. ತಲೆತುಂಬ ಹತ್ತಿ ಮೆತ್ತಿಕೊಂಡು ಗೌಸಿಯಾ ಎದ್ದು ನಿಂತಳು.

“ನಿಜಾನಾ ಮೇಡಂ?”

“ಹೊನ್ನಾಳಿ ಬಸ್ಸು ಬಾಳ ಬೇಗ ಬಂತಲ್ಲ,” ಎಂದರು ಮೇಡಂ, ರುಹೀನಾಳ ಕಡೆ ನೋಡಿ. ಅಬ್ಬಾ ಸೂಜಿ ಕೆಳಗಿಟ್ಟು ನಕ್ಕುಬಿಟ್ಟರು. ಅವರು ನಕ್ಕು ನಾಲ್ಕು ದಿನವಾಗಿತ್ತು.

ಮೇಡಂ ಹೊರಟಾಗ ಬಸ್‌ಸ್ಟ್ಯಾಂಡ್‌ವರೆಗೆ ರುಹೀನಾ ಜೊತೆಗೆ ಹೋದಳು. ದಾರಿಯಲ್ಲಿ ಒಂದು ಬೈಕ್ ಗಕ್ಕನೆ ನಿಂತಿತು. ಇಳಿದವರು ಅವಳದೇ ಶಾಲೆಯ ಕೆಂಚೇಶ್ ಸಾರ್! ಇಡೀ ಶಾಲೆ ಹೆದರುವ ಸಾರ್ ನಡುರಸ್ತೆಯಲ್ಲೇ ಮೇಡಂ ಕಾಲಿಗೆ ನಮಸ್ಕಾರ ಮಾಡಿದರು. ಕಾಲೇಜು ಬಿಟ್ಟು ಕುರಿ ಕಾಯುತ್ತಿದ್ದ ತಮ್ಮನ್ನು ಮೇಡಂ ಹಟ್ಟಿಗೇ ಬಂದು ಕರೆದೊಯ್ದ ಕತೆಯನ್ನು ಹೆಮ್ಮೆಯಿಂದ ಹೇಳಿಕೊಂಡರು. ರುಹೀನಾ ಬಾಯಿ ತೆರೆದುಕೊಂಡು ಕೇಳಿದಳು.

“ಈ ಹುಡುಗಿ ಹೆಂಗೆ ನಿಮ್ಮ ಜೊತೆ?” ಎಂದರು ಸಾರ್.

“ನಮ್ಮ ಕಾಲೇಜಿನ ಗೌಸಿಯಾನ ತಂಗಿ.”

ನಮ್ಮ ಕಾಲೇಜಿನ ಗೌಸಿಯಾ! ಹಾಗಾದರೆ ಮೇಡಂ ಪಾಲಿಗೆ ಅಕ್ಕ ಒಂದು ದಿನವೂ ಕಾಲೇಜು ಬಿಟ್ಟಿರಲೇ ಇಲ್ಲ. ರುಹೀನಾಳ ಎದೆ ಉಬ್ಬಿತು.

“ನಾಳೆ ಅಕ್ಕಂಗೆ ಮೊದಲನೇ ಪೀರಿಯಡ್ಡೇ ಇಂಗ್ಲಿಷ್ ಐತೆ ಸಾರ್,” ಎಂದಳು, ಯಾರೂ ಕೇಳದಿದ್ದರೂ.